ಅಟ್ಟದ ಮೇಲಿರೋ ಹಳೇ ಪುಸ್ತಕಕ್ಕೆ ಈಗ ಓದುಗರು ಸಿಗ್ತಾರಾ?

ನಮ್ಮಪ್ಪ 1994ರಲ್ಲಿ ಸ್ವಂತ ದುಡ್ಡಲ್ಲಿ ಅಚ್ಚು ಹಾಕ್ಸಿದ್ದ ಕಥೆ ಪುಸ್ತಕ, ಬನಶಂಕರಿ ಮನೆ ಅಟ್ಟದಲ್ಲಿ ಬಂಡಲ್ ಬಂಡಲ್ ಹಂಗೇ ಬಿದ್ದಿದೆ, ಮೇಲಿನ ಕಟ್ಟು ಗೆದ್ದಲು ತಿಂದಿದೆ, ರದ್ದಿಗೆ ಹಾಕೋಕೆ ಮನಸ್ಸು ಬರ್ತಿಲ್ಲ. ಏನ್ ಮಾಡ್ಲಿ?

ರಿಪ್ಲೈ 1: ರದ್ದಿಗೆ ಮಾತ್ರ ಬೇಡ ಗುರು. 12ನೇ ಶತಮಾನದ ವಚನಗಳು ಮನೆ ಮಠಗಳ ಓಲೆಗರಿ ಕಟ್ಟಲ್ಲಿ ಬಿದ್ದಿದ್ವು, ಫ.ಗು. ಹಳಕಟ್ಟಿಯವ್ರು ಹುಡುಕಿ ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದ್ರು, ವಕೀಲ್ರಾಗಿದ್ದೋರು ಬಿಜಾಪುರದಲ್ಲಿ ಸ್ವಂತ ಪ್ರೆಸ್ಸೇ ಇಟ್ಟುಬಿಟ್ರು ಪುಣ್ಯಾತ್ಮ.

ರಿಪ್ಲೈ 2: ಎಲ್ಲಿಂದೆಲ್ಲಿಗೆ ಸಾರ್! ಅವರಪ್ಪನ ಪುಸ್ತಕಕ್ಕೆ ಹಳಕಟ್ಟಿ ಯಾರು ಬರ್ತಾರೆ, ಇವ್ರೇ ಆಗ್ಬೇಕು ಅಷ್ಟೇ 😄

ರಿಪ್ಲೈ 3: ಮೊದ್ಲು ಗೆದ್ದಲು ಹಿಡಿದಿರೋದನ್ನ ಬೇರೆ ಇಡಿ. ಒಂದು ಪ್ರತಿ ಸ್ಕ್ಯಾನ್ ಮಾಡ್ಸಿ, ಅಪ್ಪನ್ನ ಕೇಳಿ, ಫ್ರೀಯಾಗಿ ಓದೋಕೆ ಸಿಗೋ ಆನ್‌ಲೈನ್ ಲೈಬ್ರರಿ ಇಂಟರ್ನೆಟ್ ಆರ್ಕೈವ್‌ಗೆ ಹಾಕಿ. ಒಂದು ಕಥೆ ಇಲ್ಲೇ ಟೈಪ್ ಮಾಡಿ ಹಾಕಿ, ನಾನಂತೂ ಓದ್ತೀನಿ.