ಮಿಷನ್ ಕಾಲದ ಮನೆತನದ ಕಾಗದಗಳಿಂದ ಕಾದಂಬರಿ: ಕೆಲವು ಪ್ರಶ್ನೆಗಳು

ಜೆಪ್ಪು_ಹಂಚು:

ಎಲ್ಲರಿಗೂ ನಮಸ್ಕಾರ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಸಭೆಗೆ (ಚರ್ಚಿಗೆ) ಸೇರಿದ ಒಂದು ತುಳು ಕುಟುಂಬದ ಮೂರು ತಲೆಮಾರನ್ನು ಇಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಕಾಲ ಸುಮಾರು 1880ರಿಂದ 1920. ಮೊದಲನೆಯವರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿ ಮನೆ ಬಿಟ್ಟವರು. ಮಗ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವನು. ಮೊಮ್ಮಗಳು ಮಿಷನ್ ಶಾಲೆಯ ಟೀಚರ್. ಆಧಾರಕ್ಕೆ ಇರುವುದು ಹುಟ್ಟು-ಸಾವು ಬರೆದಿಟ್ಟ ಹಳೆಯ ಸತ್ಯವೇದ (ಬೈಬಲ್), ಒಂದು ಕಟ್ಟು ಕನ್ನಡ ಪತ್ರ, ಹೆಸರು ಬರೆಯದ ಒಂದು ಗುಂಪು ಫೋಟೊ, ಇಸವಿ ಅಚ್ಚಾದ ಒಂದು ಹಂಚು.

ಬರೆದಷ್ಟು ಅಧ್ಯಾಯಗಳು ವಂಶಾವಳಿಯ ಹಾಗೆ ಓದಿಸಿಕೊಳ್ಳುತ್ತಿವೆ. ಇರುವ ಆಧಾರಗಳನ್ನು ಎಷ್ಟು ನಂಬಬಹುದು, ಇಲ್ಲದ ಕಡೆ ಏನು ಮಾಡಬೇಕು? ನಂಬಿಕೆಯ ವಿಷಯ ಬಂದಾಗ ಚರ್ಚಿನ ಉಪದೇಶ ಮಾಡಿದಂತೆ ಆಗದಿರಲು ಏನು ದಾರಿ? ಪತ್ರಗಳನ್ನು ಹಾಗೇ ಅಚ್ಚು ಹಾಕಿದರೆ ಸಂಬಂಧಿಕರಿಂದ ತೊಂದರೆ ಆದೀತೇ?

ದಾಖಲೆ_ಕಪಾಟು:

ಮೊದಲು ಹಂಚಿನ ವಿಷಯ ಹೇಳಿಬಿಡುತ್ತೇನೆ, ಬಹಳ ಜನ ಅಲ್ಲೇ ಎಡವುತ್ತಾರೆ. ಹಂಚಿನ ಮೇಲೆ 1865 ಎಂದಿದ್ದರೆ ಅದು ಮಂಗಳೂರಿನಲ್ಲಿ ಮಿಷನ್ನಿನ ಮೊದಲ ಹಂಚಿನ ಕಾರ್ಖಾನೆ ಶುರುವಾದ ಇಸವಿ, ಆ ಹಂಚು ಸುಟ್ಟ ವರ್ಷವಲ್ಲ. ಎಷ್ಟೋ ವರ್ಷ ಆಮೇಲೆ ಒತ್ತಿದ ಹಂಚಿನಲ್ಲೂ ಅದೇ ಇಸವಿ ಇರುತ್ತದೆ. ಇಸವಿಗಿಂತ ಮಾಲೀಕರ ಹೆಸರು ಹೆಚ್ಚು ಉಪಯೋಗದ್ದು. ಮಿಷನ್ನಿನ ಹೆಸರಿದ್ದರೆ ಮೊದಲ ಮಹಾಯುದ್ಧಕ್ಕಿಂತ ಮುಂಚಿನದು, ಕಾಮನ್‌ವೆಲ್ತ್ ಟ್ರಸ್ಟಿನ ಹೆಸರಿದ್ದರೆ ಕಾರ್ಖಾನೆಗಳು ಅದರ ಕೈಗೆ ಹೋದ ಮೇಲಿನದು ಎಂದು ಹಿಡಿಯಬಹುದು.

ಸತ್ಯವೇದದ ಪುಟಗಳಲ್ಲಿ ಬರೆದ ಹುಟ್ಟಿದ ದಿನಗಳನ್ನೂ ಹಾಗೆಯೇ ಪರೀಕ್ಷಿಸಿ. ಶೀರ್ಷಿಕೆ ಪುಟದಲ್ಲಿ ಮುದ್ರಣದ ಇಸವಿ ನೋಡಿ. ಪುಸ್ತಕ ಅಚ್ಚಾಗುವುದಕ್ಕೂ ಮೊದಲಿನ ತಾರೀಕುಗಳು ಇದ್ದರೆ ಅವು ನೆನಪಿನಿಂದಲೋ ಬೇರೆ ಕಾಗದದಿಂದಲೋ ಆಮೇಲೆ ಇಳಿಸಿದವು. ಒಂದೇ ಕೈ, ಒಂದೇ ಶಾಯಿ, ಒಂದೇ ಓರೆಯಲ್ಲಿ ಐದಾರು ಮಕ್ಕಳ ಹೆಸರು ಸಾಲಾಗಿದ್ದರೂ ಅದೇ ಅರ್ಥ. ಪ್ರತಿ ಹೆಸರಿಗೂ ಶಾಯಿ, ಅಕ್ಷರ ಬದಲಾಗಿದ್ದರೆ ಆಯಾ ಕಾಲಕ್ಕೇ ಬರೆದದ್ದು, ಅದನ್ನು ಹೆಚ್ಚು ನಂಬಬಹುದು.

ನಂತರ ಸಭೆಯ ರಿಜಿಸ್ಟರುಗಳು. ಇವು ಸಾಮಾನ್ಯವಾಗಿ ಆಯಾ ಸಭೆಯಲ್ಲೇ ಇರುತ್ತವೆ, ಸಭಾಪಾಲಕರ ಅನುಮತಿ ಬೇಕು. ದೀಕ್ಷಾಸ್ನಾನ, ಮದುವೆ, ಸಮಾಧಿ, ಈ ಮೂರನ್ನೂ ಒಂದಕ್ಕೊಂದು ತಾಳೆ ನೋಡದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ. ದೊಡ್ಡವರಾದ ಮೇಲೆ ಕ್ರೈಸ್ತರಾದವರ ವಯಸ್ಸು ಅಂದಾಜಿನದು, ಹೆಚ್ಚಾಗಿ 25, 30, 40 ಹೀಗೆ ದುಂಡು ಅಂಕಿ. ಒಂದೇ ಸಭೆಯಲ್ಲಿ ನಾಲ್ಕು ಜನ ಯಾಕೋಬರು ಇರಬಹುದು, ಆಗ ಹೆಂಡತಿಯ ಹೆಸರು, ಕೆಲಸ, ಮೊದಲಿನ ಊರು ಸೇರಿಸಿಯೇ ಗುರುತು ಹಿಡಿಯಬೇಕು. ಪುಟ ಪುಡಿಯಾಗುವ ಸ್ಥಿತಿಯಲ್ಲಿದ್ದರೆ ಬಲವಂತವಾಗಿ ಅಗಲಿಸಬೇಡಿ. ತೆರೆದುಕೊಂಡಷ್ಟನ್ನೇ ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಚಿತ್ರ ತೆಗೆದುಕೊಳ್ಳಿ.

ಇಸವಿ ಇಲ್ಲದ ಪತ್ರಗಳಿಗೆ ಅಂಚೆಚೀಟಿ ಸಾಕ್ಷಿ. ವಿಕ್ಟೋರಿಯಾ ರಾಣಿಯ ಮುಖವಿದ್ದರೆ ಅದು ಸುಮಾರು 1902ರವರೆಗಿನ ಮುದ್ರೆ, ಏಳನೇ ಎಡ್ವರ್ಡ್ ಇದ್ದರೆ ಸುಮಾರು 1911ರವರೆಗೆ, ಆಮೇಲೆ ಐದನೇ ಜಾರ್ಜ್. ಹಳೆ ಚೀಟಿ ಸ್ವಲ್ಪ ಕಾಲ ಬಳಕೆಯಲ್ಲಿ ಉಳಿಯುತ್ತದೆ, ಆದ್ದರಿಂದ ಆ ಚೀಟಿ ಹೊರಬಂದದ್ದಕ್ಕಿಂತ ಮೊದಲಿನ ಪತ್ರವಲ್ಲ ಎಂದಷ್ಟೇ ಹೇಳಬಹುದು. ಕಾಲಾಣೆಯ ಪೋಸ್ಟ್ ಕಾರ್ಡ್ ಬಂದದ್ದು 1879ರಲ್ಲಿ.

ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಮಿಷನ್ ಕಾಲದ ಕನ್ನಡ ಪುಸ್ತಕ, ಪತ್ರಿಕೆಗಳಿವೆ. ಬಾಸೆಲ್ಲಿನಲ್ಲಿ ಮಿಷನ್ 21 ಸಂಸ್ಥೆಯ ದಾಖಲಾಗಾರವಿದೆ, ಅದರ ಫೋಟೊ ಸಂಗ್ರಹವನ್ನು ಅಂತರ್ಜಾಲದಲ್ಲೇ ಹುಡುಕಬಹುದು. ಒಂದು ಎಚ್ಚರಿಕೆ: ಅಚ್ಚಾದ ವಾರ್ಷಿಕ ವರದಿಗಳು ಮಿಷನ್ನಿಗೆ ಹಣ ಕೊಡುವವರು ಓದಲಿ ಎಂದು ಬರೆದವು. ಅಲ್ಲಿನ ಕ್ರೈಸ್ತರಾದವರ ಕಥೆಗಳೆಲ್ಲ ಕತ್ತಲೆಯಿಂದ ಬೆಳಕಿಗೆ ಎಂಬ ಒಂದೇ ದಾರಿಯಲ್ಲಿ ನಡೆಯುತ್ತವೆ. ಮನುಷ್ಯರು ನಿಜವಾಗಿ ಕಾಣಿಸುವುದು ಸಭಾ ಶಿಸ್ತಿನ ಟಿಪ್ಪಣಿಗಳಲ್ಲಿ. ಕುಡಿತ, ಸಾಲ, ಕ್ರೈಸ್ತರಲ್ಲದವರ ಜೊತೆ ಮದುವೆ, ಭೂತದ ಕೋಲಕ್ಕೆ ಹೋದದ್ದು, ಇಂಥವಕ್ಕೆ ಯಾರನ್ನು ಕರ್ತನ ಭೋಜನದಿಂದ (ಸಭೆಯ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರದಿಂದ) ದೂರ ಇಟ್ಟರು, ಎಷ್ಟು ಕಾಲದ ಮೇಲೆ ಮತ್ತೆ ಸೇರಿಸಿದರು ಎಂಬ ಸಾಲುಗಳು ಸಿಕ್ಕರೆ ಬಿಡಬೇಡಿ. ಕಾದಂಬರಿಕಾರರಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಕರಡು_ತಿದ್ದು:

ವಂಶಾವಳಿಯ ಹಾಗೆ ಕಾಣುವುದಕ್ಕೆ ಕಾರಣ ಮೂರು ತಲೆಮಾರಿಗೂ ಸಮನಾಗಿ ಜಾಗ ಕೊಟ್ಟಿರುವುದು ಇರಬೇಕು. ಹುಟ್ಟಿದರು, ಮದುವೆಯಾದರು, ಸತ್ತರು ಎಂಬುದು ರಿಜಿಸ್ಟರಿನ ಕ್ರಮ. ಕಾದಂಬರಿಗೆ ಬೇಕಾದ್ದು ಒಂದು ತೀರ್ಮಾನ ಮತ್ತು ಅದಕ್ಕೆ ಯಾರು ಯಾರು ಬೆಲೆ ತೆತ್ತರು ಎಂಬುದು. ನಿಮ್ಮ ವಸ್ತುವಿನಲ್ಲಿ ಅಂಥ ಎರಡು ಗಂಟುಗಳು ಕಾಣುತ್ತವೆ, ಮನೆ ಬಿಟ್ಟದ್ದು ಒಂದು, 1914ರ ಯುದ್ಧ ಶುರುವಾದ ಮೇಲೆ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದದ್ದು ಇನ್ನೊಂದು. ದೀಕ್ಷೆ ಕೊಟ್ಟವರು, ಕೆಲಸ ಕೊಟ್ಟವರು, ಮಕ್ಕಳಿಗೆ ಪಾಠ ಹೇಳಿದವರು ಒಮ್ಮೆಗೇ ಸರ್ಕಾರದ ಕಣ್ಣಿಗೆ ಶತ್ರುಗಳಾದಾಗ ಸಭೆಯವರು ಯಾರ ಕಡೆ? ಅಜ್ಜ ಒಂದು ಸಲ ಎಲ್ಲ ಬಿಟ್ಟು ಬಂದ, ಈಗ ಮೊಮ್ಮಗಳ ಕಾಲಕ್ಕೆ ಅವನು ಬಂದು ಸೇರಿದ ಜಾಗವೇ ಅಲುಗಾಡುತ್ತಿದೆ. ಕಥೆಯ ನೆಲೆಯನ್ನು 1914ರಲ್ಲಿ ಇಟ್ಟು ಮೊಮ್ಮಗಳ ಕಣ್ಣಿನಿಂದ ಹಿಂದಕ್ಕೆ ನೋಡಿದರೆ ಮೊದಲ ಎರಡು ತಲೆಮಾರು ಬೇಕಾದಷ್ಟೇ ಬರುತ್ತದೆ.

ಕೆಲಸದ ಕ್ರಮ ಹೀಗಿರಲಿ. 1880ರಿಂದ 1920ರವರೆಗೆ ವರ್ಷಕ್ಕೊಂದು ಸಾಲಿನ ಪಟ್ಟಿ ಮಾಡಿ, ಪ್ರತಿ ಸಾಲಿನಲ್ಲೂ ಎಲ್ಲ ಪಾತ್ರಗಳ ವಯಸ್ಸು ಬರೆಯಿರಿ. ದಾಖಲೆ ಇರುವುದು ಕಪ್ಪು ಶಾಯಿ, ಊಹೆ ಪೆನ್ಸಿಲ್. ಪೆನ್ಸಿಲ್ ಇರುವ ಜಾಗಗಳೇ ಕಾದಂಬರಿಯ ಜಾಗ, ಅವನ್ನು ಕೊರತೆ ಎಂದುಕೊಳ್ಳಬೇಡಿ. ಹೆಸರುಗಳನ್ನು ಕರಡಿನ ಮೊದಲ ದಿನವೇ ಬದಲಾಯಿಸಿ. ಕೊನೆಯಲ್ಲಿ ಬದಲಾಯಿಸೋಣ ಎಂದುಕೊಂಡರೆ ಪಾತ್ರ ಕೊನೆಯವರೆಗೂ ಮುತ್ತಜ್ಜನಾಗಿಯೇ ಉಳಿಯುತ್ತದೆ, ಅವನಿಗೊಂದು ಕೆಟ್ಟ ಯೋಚನೆ ಕೊಡಲೂ ಕೈ ಬರುವುದಿಲ್ಲ.

ಬರೆಯುವ ಹೊತ್ತು, ಹುಡುಕುವ ಹೊತ್ತು ಬೇರೆ ಬೇರೆ ಇರಲಿ. ಬರೆಯುವಾಗ ದೀಪ ಯಾವ ಎಣ್ಣೆಯದು ಎಂಬ ಅನುಮಾನ ಬಂದರೆ ಎದ್ದು ಹೋಗಬೇಡಿ. ಅಲ್ಲೊಂದು ಗುಣಾಕಾರ ಚಿಹ್ನೆ ಹಾಕಿ ಮುಂದೆ ಹೋಗಿ, ವಾರಕ್ಕೊಮ್ಮೆ ಚಿಹ್ನೆಗಳನ್ನೆಲ್ಲ ಒಟ್ಟಿಗೆ ತೀರಿಸಿ. ಒಂದು ಕೂರುವಿಕೆಗೆ 400-500 ಪದ ಸಾಕು. ಡೆಮಿ ಅಳತೆಯ ಪುಟಕ್ಕೆ ಸುಮಾರು 250 ಪದ ಹಿಡಿದರೆ 240 ಪುಟಕ್ಕೆ 60,000 ಪದ.

ನಂಬಿಕೆಯ ಪ್ರಶ್ನೆಗೆ ಬರುತ್ತೇನೆ, ನನಗೆ ಅದೇ ಮುಖ್ಯ. ಪಾತ್ರ ಪ್ರಾರ್ಥಿಸಿದ ಕೂಡಲೇ ಸಹಾಯ ಬಾಗಿಲಿಗೆ ಬಂದರೆ ಕ್ರೈಸ್ತ ಓದುಗರೂ ಒಪ್ಪುವುದಿಲ್ಲ. ನಂಬಿಕೆಯನ್ನು ದಿನಚರಿಯಲ್ಲಿ ಇಡಿ: ಸಂಜೆಯ ಮನೆ ಪ್ರಾರ್ಥನೆ, ಜರ್ಮನ್ ರಾಗಕ್ಕೆ ಹೊಂದಿಸಿದ ಕನ್ನಡ ಗೀತ, ಭಾನುವಾರ ಕೆಲಸಕ್ಕೆ ಹೋಗದಿರುವುದು. ಅದು ಪರೀಕ್ಷೆಗೆ ಒಳಗಾಗುವ ಒಂದು ದೃಶ್ಯ ಸಿಕ್ಕರೆ ನೂರು ವಚನ ಉದ್ಧರಿಸುವ ಅಗತ್ಯವಿಲ್ಲ. ಉದಾಹರಣೆಗೆ, ಹಳೆಯ ಮನೆಯಲ್ಲಿ ತಾಯಿ ತೀರಿಕೊಂಡಿದ್ದಾಳೆ. ಮಗ ಹೋಗಬೇಕೇ? ಹೋದರೆ ಅಂಗಳದವರೆಗೋ, ಒಳಗೋ? ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಕೂರಬೇಕೇ? ಕೂತರೆ ಸಭೆಯ ಉಪದೇಶಿಗೆ ಏನು ಹೇಳುತ್ತಾನೆ? ಇಲ್ಲಿ ಎರಡೂ ಕಡೆಯವರಿಗೆ ಅವರವರ ನ್ಯಾಯ ಇದೆ. ಲೇಖಕರು ತೀರ್ಪು ಕೊಡದೆ ಆ ಮನುಷ್ಯನ ಕಾಲು ಎಲ್ಲಿ ನಿಂತಿತು ಎಂಬುದನ್ನು ಬರೆದರೆ ಸಾಕು.

ವಚನ ಹಾಕಲೇಬೇಕಾದರೆ ಆ ಕಾಲದ ಅನುವಾದದಿಂದಲೇ ಹಾಕಿ. ಪೂರ್ತಿ ಕನ್ನಡ ಬೈಬಲ್ ಬಳ್ಳಾರಿಯಲ್ಲಿ 1831ರ ಹೊತ್ತಿಗೆ ಸಿದ್ಧವಾಗಿತ್ತು, ಆಮೇಲೆ ತಿದ್ದುಪಡಿಗಳಾಗಿವೆ. ಇಂದಿನ ಆವೃತ್ತಿಯ ಸಾಲನ್ನು 1885ರ ಬಾಯಿಗೆ ಹಾಕಿದರೆ ತಿಳಿದವರಿಗೆ ತಕ್ಷಣ ಗೊತ್ತಾಗುತ್ತದೆ. ಪ್ರಾಟೆಸ್ಟೆಂಟ್ ಮನೆಯವರಿಂದ ‘ಜ್ಞಾನಸ್ನಾನ’, ‘ಪರಮಪ್ರಸಾದ’ ಎಂದು ಹೇಳಿಸುವುದೂ ಇಂಥದೇ ತಪ್ಪು, ಅವು ಕೆಥೊಲಿಕರ ಮಾತು.

ಪಾಲುಪಟ್ಟಿ:

ಮೊದಲ ತಲೆಮಾರಿನವರು ಹೊರಬರುವಾಗ ಆಸ್ತಿಯ ಪಾಲು ತಂದರು ಎಂದು ಬರೆದಿದ್ದರೆ ಒಮ್ಮೆ ನಿಂತು ನೋಡಿ. 1850ರ ಜಾತಿ ನಿರ್ಬಂಧ ನಿವಾರಣಾ ಕಾಯ್ದೆಯ ಪ್ರಕಾರ ಮತ ಬಿಟ್ಟ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗುವುದಿಲ್ಲ, ನಿಜ. ಆದರೆ ಕುಟುಂಬ ಅಳಿಯಸಂತಾನದ್ದಾದರೆ (ತಾಯಿಯ ಕಡೆಯಿಂದ ವಂಶ, ಆಸ್ತಿ ಎಣಿಸುವ ಕಟ್ಟು) ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಕೇಳುವ ಹಕ್ಕೇ ಇರಲಿಲ್ಲ, ಅದು ಬಂದದ್ದು 1949ರ ಮದ್ರಾಸ್ ಕಾಯ್ದೆಯಿಂದ. ಗಂಡಸಿನ ಮಕ್ಕಳು ಅವನ ಕುಟುಂಬಕ್ಕೆ ಸೇರುವುದೂ ಇಲ್ಲ. ಹಾಗಾಗಿ ಅವನು ಬರಿಗೈಯಲ್ಲಿ ಬಂದ, ನೇಯ್ಗೆಯೋ ಹಂಚೋ ಮಿಷನ್ ಕೊಟ್ಟ ಕೆಲಸವೇ ಗತಿಯಾಯಿತು ಎಂಬುದು ಕಾನೂನಿಗೂ ಸರಿ, ಕಥೆಗೂ ಸರಿ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು, ಜಮೀನಿನ ವ್ಯಾಜ್ಯ ಹುಡುಕುವುದಾದರೆ ಚೆನ್ನೈ ಎಗ್ಮೋರಿನ ದಾಖಲಾಗಾರವನ್ನೂ ನೋಡಿ.

ಪತ್ರಗಳ ವಿಷಯ. ಪತ್ರದ ಕಾಗದ ಯಾರ ಕೈಯಲ್ಲಿದ್ದರೂ ಅದರ ಮಾತಿನ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಭಾರತದಲ್ಲಿ ಲೇಖಕರು ಸತ್ತ ಮರುವರ್ಷದಿಂದ 60 ವರ್ಷ. ಬರೆದವರು ಸತ್ತ ಮೇಲೆ ಮೊದಲ ಸಲ ಅಚ್ಚಾಗುವ ಬರಹಕ್ಕೆ ಆ 60 ವರ್ಷದ ಎಣಿಕೆ ಅಚ್ಚಾದ ಮೇಲೆ ಶುರುವಾಗುತ್ತದೆ. ಆದ್ದರಿಂದ ಪತ್ರ ಹಳೆಯದು ಎಂಬುದೊಂದನ್ನೇ ನೆಚ್ಚಿ ಪೂರ್ತಿ ಅಚ್ಚು ಹಾಕಬೇಡಿ. ಎಲ್ಲ ಶಾಖೆಯವರಿಂದ ಒಂದು ಹಾಳೆಯ ಒಪ್ಪಿಗೆ ಬರೆಸಿಕೊಳ್ಳಿ, ಇಲ್ಲವೇ ವಿಷಯ ಮಾತ್ರ ತೆಗೆದುಕೊಂಡು ಮಾತು ನಿಮ್ಮದೇ ಮಾಡಿ. ಕಾದಂಬರಿಗೆ ಎರಡನೆಯದೇ ಒಳ್ಳೆಯದು. ಸತ್ತವರ ಹೆಸರು ಕೆಡಿಸಿ ಮನೆಯವರಿಗೆ ನೋವು ಕೊಡುವ ಉದ್ದೇಶ ಇತ್ತು ಎಂದಾದರೆ ಮಾನಹಾನಿಯ ಪ್ರಶ್ನೆಯೂ ಬರುತ್ತದೆ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಹೆಸರು, ಊರು, ಕೆಲಸ ಮೂರೂ ಹಾಗೇ ಉಳಿಸಿದರೆ ‘ಎಲ್ಲವೂ ಕಾಲ್ಪನಿಕ’ ಎಂಬ ಒಕ್ಕಣೆ ಕಾಪಾಡುವುದಿಲ್ಲ.

ಜೆಪ್ಪು_ಹಂಚು:

ತುಂಬಾ ಉಪಕಾರವಾಯಿತು. ಪಾಲಿನ ದೃಶ್ಯ ಇತ್ತು, ತೆಗೆಯುತ್ತೇನೆ. ಇನ್ನೆರಡು ಕೇಳಬಹುದೇ? ಮನೆಯಲ್ಲಿ ತುಳು, ಸಭೆಯಲ್ಲಿ ಕನ್ನಡ, ಇದನ್ನು ಸಂಭಾಷಣೆಯಲ್ಲಿ ಹೇಗೆ ತರುವುದು? ಬಾಸೆಲ್ಲಿನಿಂದ ಜರ್ಮನ್ ಪತ್ರದ ಪ್ರತಿ ತರಿಸಿದರೆ ಜರ್ಮನ್ ಬಲ್ಲವರು ಓದಿಕೊಡಬಹುದಲ್ಲವೇ?

ದಾಖಲೆ_ಕಪಾಟು:

ಜರ್ಮನ್ ಬಂದರೆ ಸಾಲದು. ಆ ಪತ್ರಗಳು ಕುರೆಂಟ್ ಎಂಬ ಹಳೆಯ ಕೂಡುಬರಹದಲ್ಲಿವೆ, ಇಂದಿನ ಜರ್ಮನರಿಗೂ ಕಲಿಯದೆ ಓದಲು ಬರುವುದಿಲ್ಲ. ಟ್ರಾನ್ಸ್‌ಕ್ರಿಬಸ್ ತಂತ್ರಾಂಶದಲ್ಲಿ ಅದನ್ನು ಓದುವ ಮಾದರಿಗಳಿವೆ. ಚಿತ್ರ ಸ್ಪಷ್ಟವಾಗಿದ್ದರೆ ಕೆಲಸಕ್ಕೆ ಬರುತ್ತದೆ, ಹೆಸರುಗಳನ್ನು ಮಾತ್ರ ತಪ್ಪಾಗಿ ಓದುತ್ತದೆ. ಅದಕ್ಕೊಂದು ಉಪಾಯವಿದೆ. ಪರಭಾಷೆಯ ಹೆಸರುಗಳನ್ನು ಆ ಕಾಲದವರು ಹೆಚ್ಚಾಗಿ ಲ್ಯಾಟಿನ್ ಅಕ್ಷರದಲ್ಲೇ ಬರೆಯುತ್ತಿದ್ದರು. ಪುಟದ ಮೇಲೆ ಕಣ್ಣಾಡಿಸಿದರೆ ಊರಿನ, ಜನರ ಹೆಸರುಗಳು ಬೇರೆಯಾಗಿ ಎದ್ದು ಕಾಣುತ್ತವೆ. ಮೊದಲು ಅವನ್ನು ಹುಡುಕಿ, ಬೇಕಾದ ಹೆಸರು ಇರುವ ಪುಟವನ್ನು ಮಾತ್ರ ಓದಿಸಿ. ಗುಂಪು ಫೋಟೊಗೆ ಹಿಂಬದಿಯ ಸ್ಟುಡಿಯೊ ಮುದ್ರೆ ನೋಡಿ, ನಂತರ ಬಾಸೆಲ್ಲಿನ ಸಂಗ್ರಹದಲ್ಲಿ ಅದೇ ಕಟ್ಟಡದ ಕಂಬ, ಮೆಟ್ಟಿಲು ಹೋಲಿಸಿ. ಮುಖಕ್ಕಿಂತ ಕಟ್ಟಡ ಬೇಗ ಸಿಗುತ್ತದೆ.

ತೆಂಕಣದ_ಓದುಗ:

ತುಳುವನ್ನು ಬಿಡಬೇಡಿ. ತುಳು ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಗಿದೆ, ಆದ್ದರಿಂದ ತುಳುವಿನಲ್ಲಿ ಮನೆ ಪ್ರಾರ್ಥನೆ ಮಾಡಿಸಿದರೆ ಏನೂ ತಪ್ಪಿಲ್ಲ. ಆದರೆ ಇಡೀ ಸಂಭಾಷಣೆ ತುಳುವಿನಲ್ಲಿ ಬೇಡ. ಕರೆಯುವ ಮಾತು, ಬೈಗುಳ, ಸಾವಿನ ಹೊತ್ತಿನ ಮಾತು ತುಳುವಿನಲ್ಲಿ ಇರಲಿ, ಉಳಿದದ್ದು ಸರಳ ಕನ್ನಡ. ಒಂದು ಕಡೆ ಜೋಕೆ: ತುಳುವಿನಲ್ಲಿ ಅಮ್ಮೆ ಅಂದರೆ ತಂದೆ, ಅಪ್ಪೆ ಅಂದರೆ ತಾಯಿ. ಘಟ್ಟದ ಮೇಲಿನ ಓದುಗರು ಉಲ್ಟಾ ಓದುತ್ತಾರೆ, ಮೊದಲ ಸಲ ಬರುವಾಗಲೇ ಯಾರೆಂದು ತಿಳಿಯುವ ಹಾಗೆ ದೃಶ್ಯ ಕಟ್ಟಿ. ಪದ ಆ ಕಾಲದ್ದೇ ಎಂಬ ಅನುಮಾನಕ್ಕೆ ಕಿಟ್ಟೆಲ್ಲರ 1894ರ ನಿಘಂಟು, ತುಳುವಿಗೆ ಮ್ಯಾನರ್ ಅವರ 1886ರ ನಿಘಂಟು ಪಕ್ಕದಲ್ಲಿರಲಿ.

ಪ್ರಯಾಣವನ್ನೂ ಪಟ್ಟಿಗೆ ಹಾಕಿಕೊಳ್ಳಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. 1890ರ ದಶಕದಲ್ಲಿ ಪಾತ್ರವನ್ನು ಧಾರವಾಡಕ್ಕೆ ಕಳಿಸುವುದಾದರೆ ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿಸಿ, ಇಲ್ಲವೇ ಹಡಗಿನಲ್ಲಿ ಮುರ್ಮಗೋವಾಕ್ಕೆ ಒಯ್ದು ಅಲ್ಲಿಂದ ರೈಲು ಹತ್ತಿಸಿ. ಜೂನ್-ಜುಲೈ ಮಳೆಯಲ್ಲಿ ಮಾತ್ರ ಹಡಗು ಹತ್ತಿಸಬೇಡಿ. ಕೂಲಿ ಬರೆಯುವಾಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನೂರು ಪೈಸೆಯ ರೂಪಾಯಿ 1957ರ ಏಪ್ರಿಲ್‌ವರೆಗೆ ಇರಲಿಲ್ಲ.