ಸಹಾಯ ಬೇಕು: ಹಾಳೂರಿನ ವೀರಗಲ್ಲು ಓದಬಲ್ಲವರು ಇದ್ದೀರಾ?

ನಮಸ್ಕಾರ. ನಮ್ಮದು ಮೊಳಕಾಲ್ಮೂರು ತಾಲ್ಲೂಕಿನ ಪುಟ್ಟ ಹಟ್ಟಿ. 30 ಮನೆ, ಸುತ್ತ ಬಂಡೆಗುಡ್ಡ, ಕೆಂಪು ಮಣ್ಣಿನ ಹೊಲ. ಮಳೆ ಬಂದರೆ ಶೇಂಗಾ, ಇಲ್ಲದಿದ್ದರೆ ಕುರಿಯೇ ಗತಿ. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನ ಕಂಡರು. 1947ರಲ್ಲಿ ಪುರಾತತ್ವ ತಜ್ಞ ವೀಲರ್ ಅಲ್ಲಿ ಅಗೆಸಿ ನೋಡಿದರು. ಅದೆಲ್ಲ ಪುಸ್ತಕದಲ್ಲಿದೆ. ನಮ್ಮ ಹಟ್ಟಿಯ ಬಗ್ಗೆ ಒಂದು ಸಾಲೂ ಸಿಕ್ಕಿಲ್ಲ.

ಹಳ್ಳದ ದಂಡೆಯಲ್ಲಿ ಒಂದು ಹಾಳೂರು ಇದೆ, ದಾಖಲೆಯಲ್ಲಿ ಬೇಚರಾಕ್ (ಜನವಸತಿ ಇಲ್ಲದ) ಗ್ರಾಮ. ಅಲ್ಲಿರುವ ವೀರಗಲ್ಲಿನ ಮೇಲೆ ಎರಡು ಸಾಲು ಅಕ್ಷರ ಇವೆ. ಹೋದ ವರ್ಷ ಯಾರೋ ನಿಧಿ ಆಸೆಗೆ ಅದರ ಬುಡ ಅಗೆದಿದ್ದಾರೆ. ನೋಡಿ ತುಂಬಾ ಸಂಕಟವಾಯಿತು. ಕಲ್ಲು ಬೀಳುವ ಮುಂಚೆ ಓದಿಸಬೇಕು. ಹಳೆಯ ಲಿಪಿ ಬಲ್ಲವರು ಹೇಳಿ, ಫೋಟೋ ಕಳಿಸುತ್ತೇನೆ. ಆ ಕಡೆಯ ಹಳೇ ಗ್ರಾಮ ನಕ್ಷೆ ಯಾರ ಹತ್ತಿರವಾದರೂ ಇದೆಯಾ?