‘ಪೆಯಲ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದವಿದೆಯೇ?

ಹಳೆಯ ತಮಿಳಿನ, ಸಂಗಂ ಕಾಲದ ‘ಕುರುಂತೊಗೈ’ ಎಂಬ ಕವಿತಾ ಸಂಕಲನದ 40ನೆಯ ಪದ್ಯವನ್ನು ಕನ್ನಡಕ್ಕೆ ತರುವಾಗ ‘ಪೆಯಲ್’ (ಮಳೆ ಸುರಿಯುವುದು) ಎಂಬ ಒಂದು ಪದದ ಬಳಿ ನಿಂತುಬಿಟ್ಟಿದ್ದೇನೆ. ಪದ್ಯಕ್ಕಿರುವುದು ಐದೇ ಸಾಲು. ಅದರ ಕವಿಯ ನಿಜವಾದ ಹೆಸರು ಉಳಿದಿಲ್ಲವಾದ್ದರಿಂದ, ನಾಲ್ಕನೆಯ ಸಾಲಿನ ಅವನದೇ ಹೋಲಿಕೆಯಿಂದ ಅವನನ್ನು ‘ಸೆಂಬುಲಪ್ಪೆಯನೀರಾರ್’ ಎಂದು ಕರೆದರು. ನನ್ನ ಕರಡು ಹೀಗಿದೆ:

ನನ್ನ ತಾಯಿ ನಿನ್ನ ತಾಯಿಗೆ ಏನಾಗಬೇಕು?
ನನ್ನ ತಂದೆ ನಿನ್ನ ತಂದೆಗೆ ಯಾವ ಕಡೆಯ ನಂಟ?
ನಾನೂ ನೀನೂ ಯಾವ ಹಾದಿಯಲ್ಲಿ ಅರಿತೆವು?
ಕೆಂಬೊಲದ ಮಳೆನೀರಿನಂತೆ
ಒಲಿದ ಎದೆಗಳು ತಾವಾಗಿ ಕಲೆತವು.

ಮೊದಲ ಸಾಲು ತಾನಾಗಿ ಒದಗಿತು. ಮೂಲದ ‘ಯಾರಾಗಿಯರೋ’ ಎಂಬಲ್ಲಿರುವ ‘ಆಗು’ ನಮ್ಮ ‘ಅವರು ನಿಮಗೆ ಏನಾಗಬೇಕು?’ ಎಂಬ ದಿನನಿತ್ಯದ ಮಾತಿನಲ್ಲೂ ಇದೆ. ಆದರೆ ಅದೇ ಸಾಲಿನಲ್ಲಿ ಒಂದು ನಷ್ಟವೂ ಆಯಿತು. ಹಳೆಯ ತಮಿಳಿನಲ್ಲಿ ‘ಯಾಯ್’ ಎಂದರೆ ನನ್ನ ತಾಯಿ, ‘ಞಾಯ್’ ಎಂದರೆ ನಿನ್ನ ತಾಯಿ, ‘ತಾಯ್’ ಎಂದರೆ ಅವರ ತಾಯಿ; ತಂದೆಯ ವಿಷಯದಲ್ಲೂ ‘ಎಂದೈ, ನುಂದೈ, ತಂದೈ’ ಎಂಬ ಮೂರು ರೂಪಗಳಿವೆ. ಕನ್ನಡದ ಬಳಕೆಯಲ್ಲಿ ಉಳಿದಿರುವುದು ಮೂರನೆಯದು ಮಾತ್ರ. ಹಾಗೆ ನೋಡಿದರೆ ‘ನನ್ನ ತಾಯಿ’ ಎನ್ನುವಾಗಲೆಲ್ಲ ನಾವು ‘ನನ್ನ ಅವರಮ್ಮ’ ಎಂದೇ ಹೇಳುತ್ತಿರುತ್ತೇವೆ!

ತೊಡಕಿರುವುದು ನಾಲ್ಕನೆಯ ಸಾಲಿನಲ್ಲಿ. ಮೂಲದ ‘ಸೆಂಬುಲಪ್ಪೆಯನೀರ್’ ಎಂಬುದು ಸೆಮ್ (ಕೆಂಪು), ಪುಲಂ (ಹೊಲ), ಪೆಯಲ್, ನೀರ್ ಎಂಬ ನಾಲ್ಕು ಪದಗಳು ಬೆಸೆದು ಆದ ಒಂದೇ ಸಮಾಸ. ಮೈಸೂರಿನಲ್ಲಿ ಹುಟ್ಟಿ ಕನ್ನಡದಲ್ಲೂ ಕವಿತೆ ಬರೆದ ಎ. ಕೆ. ರಾಮಾನುಜನ್ ಅವರು 1967ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಇದನ್ನು ಕೆಂಪು ಮಣ್ಣು ಮತ್ತು ಸುರಿವ ಮಳೆ ಎಂದು ಎರಡಾಗಿ ಬಿಡಿಸಿದರು. ಅಲ್ಲಿ ಮಣ್ಣೊಂದು ಜೀವ, ಮಳೆಯೊಂದು ಜೀವ ಎಂಬಂತೆ ಕೇಳಿಸುತ್ತದೆ, ಅದು ಸೊಗಸಾಗಿಯೂ ಇದೆ. ಮೂಲದಲ್ಲಿ ಮಾತ್ರ ಆ ಎರಡು ಬೇರೆಬೇರೆಯಾಗಿ ಕಾಣಿಸುವುದೇ ಇಲ್ಲ; ಕಾಣುವುದು ಆಗಲೇ ಕೆಂಪಾಗಿಬಿಟ್ಟ ನೀರು. ಕೋಲಾರದ ಕಡೆಯ ಕೆರೆಗಳನ್ನು ಮಳೆಗಾಲದಲ್ಲಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಚೊಂಬಿನಲ್ಲಿ ಆ ನೀರನ್ನು ತುಂಬಿ ರಾತ್ರಿಯಿಡೀ ಇಟ್ಟರೂ, ತಳದಲ್ಲಿ ಒಂದಿಷ್ಟು ಗಸಿ ಕೂತಿರುತ್ತದೆಯೇ ಹೊರತು ಮೇಲಿನ ನೀರಿನ ಬಣ್ಣ ಪೂರ್ತಿ ಬಿಟ್ಟಿರುವುದಿಲ್ಲ.

‘ಸೆಂಬುಲಂ’ ಎಂಬುದಕ್ಕೆ ‘ಕೆಂಬೊಲ’ ಸರಿಯೆಂದು ನನಗೆ ತೋರುತ್ತದೆ. ತಮಿಳಿನ ‘ಸೆವಿ’ ನಮ್ಮ ‘ಕಿವಿ’ಯಾಗಿರುವಂತೆ ‘ಸೆಮ್’ ಎಂಬುದು ‘ಕೆಮ್’; ‘ಪುಲಂ’ ಎಂಬುದು ‘ಪೊಲ’, ಅಂದರೆ ಹೊಲ. ‘ಕೆನ್ನೆಲ’ ಎಂದರೆ ಓದುವವರ ಕಣ್ಣು ಮೊದಲು ‘ಕೆನ್ನೆ’ಗೆ ಹೋಗುತ್ತದೆ. ‘ಕಿಸು’ ಎಂಬುದೂ ಕೆಂಪೇ, ಆದರೆ ‘ಕಿಸುವೊಲ’ ಎಂದರೆ ಪಟ್ಟದಕಲ್ಲಿನ ಹಳೆಯ ಹೆಸರಾದ ‘ಕಿಸುವೊೞಲ್’ ನೆನಪಾಗುತ್ತದೆ, ಅಲ್ಲಿರುವುದಾದರೋ ಊರೆಂಬ ಅರ್ಥದ ‘ಪೊೞಲ್’. ತಮಿಳಿನ ‘ಸೆಮ್’ಗೆ ಚೆನ್ನಾದ, ನೇರವಾದ ಎಂಬ ಅರ್ಥವೂ ಇದೆ, ‘ಸೆಂದಮಿೞ್’ ಎಂಬಲ್ಲಿ ಇರುವಂತೆ. ಆ ಛಾಯೆ ನಮ್ಮ ‘ಕೆಮ್’ಗೆ ಇಲ್ಲ, ಅದನ್ನು ಬಿಟ್ಟುಕೊಡಲೇಬೇಕು.

ಇನ್ನು ‘ಪೆಯಲ್’. ತಮಿಳಿನಲ್ಲಿ ಮಳೆ ‘ಪೆಯ್’ಯುತ್ತದೆ, ‘ಪೆಯಲ್’ ಎಂಬುದು ಅದರ ನಾಮರೂಪ. ನಮ್ಮಲ್ಲಿ ಮಳೆ ಹೊಯ್ಯುತ್ತದೆ, ಹುಯ್ಯುತ್ತದೆ. ‘ಹುಯ್ಯೋ ಹುಯ್ಯೋ ಮಳೆರಾಯ’ ಎಂದು ಮಕ್ಕಳು ಕೂಗುವುದೂ ಉಂಟು. ಆದರೆ ಮಳೆ ಎಂಬ ಕರ್ತೃಪದವನ್ನು ತೆಗೆದು ‘ಕೆಂಬೊಲಕ್ಕೆ ಹೊಯ್ದ ನೀರು’ ಎಂದು ಬರೆದರೆ, ಯಾರೋ ಕೊಡದಿಂದ ನೀರು ಹೊಯ್ದಂತೆ ಅರ್ಥವಾಗುತ್ತದೆ. ನಾಮರೂಪವಾದ ‘ಹೊಯ್ಲು’ ಎಂಬುದನ್ನು ಬಳಸೋಣವೆಂದರೆ ಅದು ಹೊಡೆತ. ‘ಹೊಯ್ ಸಳ’ ಎಂಬ ಕಥೆಯ ‘ಹೊಯ್’ ಅಲ್ಲಿ ಅಡ್ಡ ಬರುತ್ತದೆ. ಒಲವಿನ ಪದ್ಯದಲ್ಲಿ ಹೊಡೆತ ಬೇಡ. ಹೀಗಾಗಿ ಸದ್ಯಕ್ಕೆ ‘ಮಳೆನೀರು’ ಎಂದಿಟ್ಟಿದ್ದೇನೆ, ಆದರೆ ಅದರಲ್ಲಿ ಸುರಿಯುವ ಕ್ರಿಯೆಯೇ ಇಲ್ಲ.

ನಿಮ್ಮ ಕಡೆಯ ಆಡುಮಾತಿನಲ್ಲಾಗಲಿ ಹಳಗನ್ನಡ ಕಾವ್ಯಗಳಲ್ಲಾಗಲಿ, ‘ಹೊಯ್’ ಧಾತುವಿನಿಂದ ಹುಟ್ಟಿ ‘ಸುರಿವ ಮಳೆ’ ಎಂಬ ಅರ್ಥವನ್ನು ಕೊಡುವ ನಾಮಪದವೇನಾದರೂ ಬಳಕೆಯಲ್ಲಿದ್ದರೆ, ಅದು ಬರುವ ವಾಕ್ಯದ ಸಮೇತ ದಯವಿಟ್ಟು ತಿಳಿಸಬೇಕು.